ರೂಟರ್‌ನ ಹುಡುಕಾಟಕ್ಕೆ ಮಿತಿ ಹಾಕಿ

ಎಲ್ಲರಿಗೂ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಮನೆಗೆ ಇಂಟರ್‌ನೆಟ್ ಕೊಡುವ ಸಣ್ಣ ಕೇಬಲ್ ಆಪರೇಟರ್‌ಗಳು, ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ನರ್ಸಿಂಗ್ ಹೋಮ್, ಸಹಕಾರಿ ಸಂಘ, ಎಪಿಎಂಸಿ ಅಂಗಡಿಗಳಿಂದ "ನೆಟ್ ಬರ್ತಿಲ್ಲ, ಬೇಗ ಬನ್ನಿ" ಅಂತ ಫೋನ್ ಬಂದ ಕೂಡಲೇ ಬೈಕ್ ಹತ್ತುವ ಹುಡುಗರು, ಹುಡುಗಿಯರು. ಇವತ್ತು ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ಉಳಿದವರೂ ಕೇಳಿ. ನಿಮ್ಮ ಮನೆಯಲ್ಲೂ ಒಂದು ರೂಟರ್ ಮಿಣಮಿಣ ಅನ್ನುತ್ತಿದೆ, ಅಲ್ವಾ?

ನಾನು ಹೇಳುವುದು ಒಂದೇ ಮಾತು. ನಿಮ್ಮ ರೂಟರ್ ಮಾಡುವ ಹುಡುಕಾಟಕ್ಕೆ ಮಿತಿ ಹಾಕಿ. ಮುಂದಿನ ಹತ್ತು ನಿಮಿಷದಲ್ಲಿ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಯಾವ ಹುಡುಕಾಟ? ಹೇಳುತ್ತೇನೆ. ನೆಟ್‌ವರ್ಕ್‌ನಲ್ಲಿ ಪ್ರತಿ ಫೋನಿಗೂ, ಪ್ರತಿ ಕಂಪ್ಯೂಟರಿಗೂ ಎರಡು ವಿಳಾಸ ಇರುತ್ತವೆ. ಒಂದು ಐಪಿ ವಿಳಾಸ. ಹೊರಗಿನ ಲೋಕ ಹುಡುಕಿಕೊಂಡು ಬರುವುದು ಇದನ್ನು. ಇನ್ನೊಂದು ಮ್ಯಾಕ್ ವಿಳಾಸ. ಒಂದೇ ಕಟ್ಟಡದೊಳಗೆ, ಒಂದೇ ವೈ-ಫೈ ಒಳಗೆ ನಡೆಯುವುದು ಇದು. ಹೊರಗಿನಿಂದ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಸಣ್ಣ ಕಟ್ಟು, ಬಂದಾಗ ಅದರ ಮೇಲೆ ಐಪಿ ವಿಳಾಸ ಮಾತ್ರ ಇರುತ್ತದೆ. ಅದು ಯಾವ ಯಂತ್ರದ್ದು ಅಂತ ರೂಟರ್ ಕೇಳಿ ತಿಳಿಯಬೇಕು. ಐಪಿ ವಿಳಾಸದ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಈ ಕೆಲಸ ಮಾಡುವುದು ಎಆರ್‌ಪಿ. 1982ರಿಂದ ಇದೆ. ಹೊಸ ಐಪಿವಿ6ರಲ್ಲಿ ಇದಕ್ಕೆ ನೈಬರ್ ಡಿಸ್ಕವರಿ ಅನ್ನುತ್ತಾರೆ.

ಮೊಬೈಲ್ ಇಲ್ಲದ ಕಾಲದಲ್ಲಿ ದಾವಣಗೆರೆಯ ಹಾಸ್ಟೆಲ್‌ಗಳಲ್ಲಿ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇಡೀ ಹಾಸ್ಟೆಲಿಗೆ ಒಂದೇ ಫೋನ್. ಊರಿಂದ ಫೋನ್ ಬಂದರೆ ಅಟೆಂಡರ್ ರಿಸೀವರ್ ಪಕ್ಕಕ್ಕಿಟ್ಟು ವರಾಂಡಕ್ಕೆ ಬಂದು ಹೆಸರು ಕೂಗುತ್ತಿದ್ದ. ಕಾಯುತ್ತಿದ್ದ. ಮತ್ತೆ ಕೂಗುತ್ತಿದ್ದ. ಈಗ ಯಾರೋ ಕಿಡಿಗೇಡಿ ಬೆಳಗಿಂದ ಫೋನ್ ಮಾಡುತ್ತಲೇ ಇದ್ದಾನೆ, ಹಾಸ್ಟೆಲಿನಲ್ಲಿ ಇಲ್ಲದವರ ಹೆಸರನ್ನೇ ಒಂದಾದ ಮೇಲೊಂದು ಕೇಳುತ್ತಿದ್ದಾನೆ ಅಂದುಕೊಳ್ಳಿ. ಅಟೆಂಡರ್ ಕೂಗುತ್ತಲೇ ಇರುತ್ತಾನೆ. ನಿಜವಾಗಿ ಇರುವ ಹುಡುಗನ ಅಪ್ಪ ಊರಿಂದ ಫೋನ್ ಮಾಡಿದರೆ ಲೈನ್ ಸಿಗುವುದಿಲ್ಲ. ಯಾರೂ ಬಾಗಿಲು ಒಡೆಯಲಿಲ್ಲ, ಏನನ್ನೂ ಕದಿಯಲಿಲ್ಲ. ಆದರೂ ಕೆಲಸ ನಿಂತಿತು. ಸೇವೆ ಸಿಗದಂತೆ ಮಾಡುವ ದಾಳಿ ಅಂದರೆ ಇದೇ.

ಐಪಿವಿ4ರಲ್ಲಿ ಈ ತೊಂದರೆ ನಮಗೆ ಅಷ್ಟಾಗಿ ಗೊತ್ತಾಗಲಿಲ್ಲ. ಸಾಮಾನ್ಯ ಆಫೀಸಿನ ಒಂದು ಸಬ್‌ನೆಟ್‌ನಲ್ಲಿ (ಅಂದರೆ ನೆಟ್‌ವರ್ಕಿನ ಒಂದು ಭಾಗದಲ್ಲಿ) ಇರುವುದೇ 254 ವಿಳಾಸ. ಇಲ್ಲದವರನ್ನೆಲ್ಲ ಹುಡುಕಿದರೂ ಹುಡುಕಾಟ 254ಕ್ಕೆ ಮುಗಿಯುತ್ತದೆ. ಐಪಿವಿ6ರಲ್ಲಿ ಒಂದು ಸಾಮಾನ್ಯ ಸಬ್‌ನೆಟ್ ಅಂದರೆ ಸ್ಲ್ಯಾಶ್ 64 (ಸ್ಲ್ಯಾಶ್ ಪಕ್ಕದ ಅಂಕಿ ದೊಡ್ಡದಾದಷ್ಟೂ ವಿಳಾಸ ಕಡಿಮೆ). ಅದರಲ್ಲಿರುವ ವಿಳಾಸಗಳು ಸುಮಾರು 1.84 ಲಕ್ಷ ಕೋಟಿ ಕೋಟಿ. ಸರಿಯಾಗಿ ಕೇಳಿಸಿಕೊಳ್ಳಿ, ಕೋಟಿ ಕೋಟಿ. ಅಷ್ಟು ವಿಳಾಸದಲ್ಲಿ ನಿಮ್ಮ ಆಫೀಸಿನ ಫೋನು, ಕಂಪ್ಯೂಟರ್ ಸೇರಿ ಐವತ್ತು ಇರಬಹುದು. ಉಳಿದದ್ದೆಲ್ಲ ಖಾಲಿ. ಆ ಖಾಲಿ ವಿಳಾಸಗಳಿಗೆ ಯಾರು ಬೇಕಾದರೂ, ಲೋಕದ ಯಾವ ಮೂಲೆಯಿಂದ ಬೇಕಾದರೂ ಪ್ಯಾಕೆಟ್ ಕಳಿಸಬಹುದು. ಪಾಪ, ನಿಮ್ಮ ರೂಟರ್ ಪ್ರತಿಯೊಂದಕ್ಕೂ "ಈ ವಿಳಾಸ ಯಾರದು?" ಅಂತ ಕೇಳುತ್ತಾ ಕೂರುತ್ತದೆ.

ಇಲ್ಲೊಂದು ಘಟನೆ ಹೇಳಲೇಬೇಕು. ಚಿತ್ರದುರ್ಗದ ಹತ್ತಿರ ಒಂದು ಕಾಲೇಜು. ಹೆಸರು ಬೇಡ. ಹೊಸದಾಗಿ ಐಪಿವಿ6 ಆನ್ ಮಾಡಿದ್ದರು. ಒಳ್ಳೆಯ ಕೆಲಸವೇ. ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಎಲ್ಲ ತಡವಾಗತೊಡಗಿತು. ವೈ-ಫೈ ಗುರುತು ಪೂರ್ತಿ ಇದೆ, ಪೇಜ್ ತೆರೆಯುವುದಿಲ್ಲ. ಆಗಲೇ ಕನೆಕ್ಟ್ ಆಗಿದ್ದ ಕೆಲವರಿಗೆ ಬರುತ್ತದೆ, ಹೊಸದಾಗಿ ಬಂದವರಿಗೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. ಮತ್ತೆ ಕೆಡುತ್ತದೆ.

ಎಲ್ಲರೂ ಮೊದಲು ಬೈದದ್ದು ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿಯನ್ನು. ಫೈಬರ್ ಕಡಿದಿರಬೇಕು ಅಂತ. ಫೈಬರ್ ನೋಡಿದರೆ ಸರಿಯಾಗಿದೆ. ಆಮೇಲೆ ಯುಪಿಎಸ್ ಮೇಲೆ ಅನುಮಾನ. ಅದನ್ನೂ ಬದಲಿಸಿದರು. ಆಮೇಲೆ ಹಾಸ್ಟೆಲ್ ಹುಡುಗರು ಸಿನಿಮಾ ಡೌನ್‌ಲೋಡ್ ಮಾಡುತ್ತಿದ್ದಾರೆ ಅಂತ ಅವರಿಗೆ ನೆಟ್ ನಿಲ್ಲಿಸಿದರು. ಆ ಮಕ್ಕಳು ಏನೂ ಮಾಡಿರಲಿಲ್ಲ! ನನ್ನನ್ನು ಕರೆಯುವ ಹೊತ್ತಿಗೆ ಹೊಸ ದೊಡ್ಡ ರೂಟರಿಗೆ ಕೊಟೇಷನ್ ಕೂಡ ತರಿಸಿಯಾಗಿತ್ತು.

ನಾನು ಮೊದಲು ಕೇಳಿದ್ದು ಲೈನಿನ ಗ್ರಾಫ್. ಅದು ನೆಲಕ್ಕೆ ಅಂಟಿಕೊಂಡಿತ್ತು. ಲೈನ್ ಹೆಚ್ಚುಕಡಿಮೆ ಖಾಲಿ. ಪಕ್ಕದಲ್ಲೇ ರೂಟರಿನ ಸಿಪಿಯು ಗ್ರಾಫ್ ಇತ್ತು. ಅದು ತುದಿ ಮುಟ್ಟಿ ನಿಂತಿತ್ತು. ಲೈನ್ ಖಾಲಿ, ರೂಟರ್ ಸುಸ್ತು. ಹಾಗಾದರೆ ಅದು ಮಾಡುತ್ತಿರುವುದೇನು? ರೂಟರ್ ತಾನೇ ಬರೆದಿಡುವ ಲಾಗ್ ತೆರೆದೆವು. ಒಂದೇ ಸಾಲು, ಮೇಲಿಂದ ಕೆಳಗಿನವರೆಗೆ: ನೈಬರ್ ಟೇಬಲ್ ಓವರ್‌ಫ್ಲೋ. ಅಕ್ಕಪಕ್ಕದವರ ವಿಳಾಸ ಬರೆದಿಡುವ ಪಟ್ಟಿ ತುಂಬಿ ಹೋಗಿದೆ ಅಂತ ರೂಟರ್ ಬಡಕೊಳ್ಳುತ್ತಿತ್ತು. ಯಾರೂ ನೋಡಿರಲಿಲ್ಲ.

ಆ ಪಟ್ಟಿಯನ್ನೇ ಪರದೆಗೆ ತಂದೆವು. ಸಾಲು ಸಾಲು ವಿಳಾಸ. ಪ್ರತಿಯೊಂದರ ಮುಂದೆ ಇನ್‌ಕಂಪ್ಲೀಟ್, ಇನ್‌ಕಂಪ್ಲೀಟ್, ಇನ್‌ಕಂಪ್ಲೀಟ್. ಅಂದರೆ ಕೇಳಿದ್ದೇನೆ, ಉತ್ತರ ಬಂದಿಲ್ಲ ಅಂತ. ಆಗ ಲ್ಯಾಬ್ ನೋಡಿಕೊಳ್ಳುತ್ತಿದ್ದ ಹುಡುಗಿ, ಚಳ್ಳಕೆರೆ ಕಡೆಯವಳು, ಪರದೆಗೆ ಬೆರಳಿಟ್ಟು ಹೇಳಿದಳು: "ಸರ್, ಇವು ಸಾಲಾಗಿ ಬರ್ತಿವೆ ನೋಡಿ." ಹೌದು! ಕೊನೆಯ ಅಂಕಿ 1, 2, 3, 4 ಅಂತ ಒಂದೊಂದಾಗಿ ಏರುತ್ತಿತ್ತು. ಫೋನ್‌ಗಳು ತಾವೇ ಮಾಡಿಕೊಳ್ಳುವ ಐಪಿವಿ6 ವಿಳಾಸ ಹೀಗೆ ಸಾಲಾಗಿ ಇರುವುದಿಲ್ಲ, ಹೇಗೆಂದರೆ ಹಾಗೆ ಇರುತ್ತದೆ. ಹೊರಗಿನ ಯಾವುದೋ ಯಂತ್ರ ಕಾಲೇಜಿನ ವಿಳಾಸಗಳನ್ನು ಒಂದರಿಂದ ಎಣಿಸುತ್ತಾ ತಟ್ಟುತ್ತಿತ್ತು. ಅವರಿಗೆ ಕಾಲೇಜಿನ ಮೇಲೆ ದ್ವೇಷ ಇರಬೇಕಾಗಿಲ್ಲ. ಇಂಟರ್‌ನೆಟ್ ತುಂಬ ಸುಮ್ನೆ ಸ್ಕ್ಯಾನ್ ಮಾಡುತ್ತಾ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಅದೇ ಸಾಕು ರೂಟರ್ ಮಲಗಲು.

ಅಲ್ಲೇ ಕೂತು ಎರಡು ಕೆಲಸ ಮಾಡಿದೆವು. ಒಳಗಿನವರು ಕರೆಯದೆ ಹೊರಗಿನಿಂದ ಬರುವ ಪ್ಯಾಕೆಟ್ಟನ್ನು ಬಾಗಿಲಲ್ಲೇ ತಡೆಯುವ ಫೈರ್‌ವಾಲ್ ನಿಯಮ ಹಾಕಿದೆವು. ಗೊತ್ತಿಲ್ಲದ ವಿಳಾಸದ ಹುಡುಕಾಟಕ್ಕೆ ಮಿತಿ ಹಾಕಿದೆವು. ಕಣ್ಣೆದುರೇ ಸಿಪಿಯು ಗೆರೆ ಇಳಿಯಿತು. ಕೊಟೇಷನ್ ವಾಪಸ್ ಹೋಯಿತು. ಹಾಸ್ಟೆಲ್ ಮಕ್ಕಳಿಗೆ ನೆಟ್ ವಾಪಸ್ ಬಂತು.

ದೊಡ್ಡ ರೂಟರ್ ತಂದರೆ ಸರಿಹೋಗುತ್ತದೆ ಅನ್ನುವವರಿಗೆ ಒಂದು ಲೆಕ್ಕ. ಲಿನಕ್ಸ್ ಅನ್ನುವ ತಂತ್ರಾಂಶದ ಮೇಲೆ ನಡೆಯುವ ರೂಟರ್‌ಗಳಲ್ಲಿ, ಯಾರೂ ಕೈ ಹಾಕದಿದ್ದರೆ, ಈ ಪಟ್ಟಿಗೆ ಇರುವುದು 1024 ಸಾಲು. ಉತ್ತರ ಬರದ ವಿಳಾಸವನ್ನು ರೂಟರ್ ಸೆಕೆಂಡಿಗೆ ಒಂದು ಸಲದಂತೆ ಒಟ್ಟು ಮೂರು ಸಲ ಕೇಳುತ್ತದೆ. ಅಂದರೆ ಒಂದು ಸುಳ್ಳು ವಿಳಾಸ ಸುಮಾರು 3 ಸೆಕೆಂಡ್ ಒಂದು ಸಾಲು ಹಿಡಿದು ಕೂರುತ್ತದೆ. ಹಾಗಾದರೆ ಪಟ್ಟಿ ತುಂಬಿಸಿಡಲು ಸೆಕೆಂಡಿಗೆ 350 ಪ್ಯಾಕೆಟ್ ಸಾಕು. ಒಂದೊಂದು 80 ಬೈಟ್ ಅಂತ ಹಿಡಿದರೆ ಸೆಕೆಂಡಿಗೆ 28 ಕಿಲೋಬೈಟ್. ನೀವು ಕಳಿಸುವ ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ! ಪಟ್ಟಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿ, ದಾಳಿ ಮಾಡುವವನು ಹತ್ತು ಪಟ್ಟು ಕಳಿಸುತ್ತಾನೆ. 1.84 ಲಕ್ಷ ಕೋಟಿ ಕೋಟಿ ಸಾಲಿನ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪಟ್ಟಿಯ ಅಳತೆ ನೋಡಬೇಡಿ. ಹುಡುಕಾಟಕ್ಕೆ ಮಿತಿ ಹಾಕಿ.

ಮಿತಿ ಅಂದಾಗ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಮಿತಿ ಇರಬೇಕಾದದ್ದು ಗೊತ್ತಿಲ್ಲದವರ ಹುಡುಕಾಟಕ್ಕೆ. ಗೊತ್ತಿರುವವರಿಗೆ ಯಾವಾಗಲೂ ಮೊದಲ ಜಾಗ. ರೂಟರ್ ತನಗೆ ಗೊತ್ತಿರುವ ಯಂತ್ರ ಇನ್ನೂ ಇದೆಯಾ ಅಂತ ಆಗಾಗ ಕೇಳಿ ಖಚಿತ ಮಾಡಿಕೊಳ್ಳುತ್ತದೆ. ಆ ಮಾತುಕತೆ ಹೊಸ ಹುಡುಕಾಟದ ಗಲಾಟೆಯಲ್ಲಿ ಮುಳುಗಿದರೆ ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರ್ ಕೂಡ ಪಟ್ಟಿಯಿಂದ ಉದುರಿ ಹೋಗುತ್ತದೆ. ಇಂಟರ್‌ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಈ ಅಪಾಯವನ್ನು 2004ರಲ್ಲೇ ಬರೆದಿಟ್ಟಿತ್ತು. 2012ರಲ್ಲಿ ಆರ್‌ಎಫ್‌ಸಿ 6583 ಅನ್ನುವ ದಾಖಲೆಯಲ್ಲಿ ಏನು ಮಾಡಬೇಕು ಅಂತಲೂ ಹೇಳಿತು. ಯಾರು ಬೇಕಾದರೂ ಪುಕ್ಕಟೆ ಓದಬಹುದು. ಇಷ್ಟು ವರ್ಷವಾದರೂ ಓದದೆ ಜೆಸಿಬಿಯನ್ನು ಬೈಯುತ್ತಾ ಕೂತರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಕೆಲವರು "ಈ ಐಪಿವಿ6 ಗೊಡವೆಯೇ ಬೇಡ, ಆಫ್ ಮಾಡ್ತೀವಿ" ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ನಿಮ್ಮ ಜೇಬಿನಲ್ಲಿರುವ ಫೋನ್ ಬಹುತೇಕ ಈಗಾಗಲೇ ಐಪಿವಿ6ರಲ್ಲೇ ಮಾತಾಡುತ್ತಿದೆ. ಊರೆಲ್ಲ ಹೋಗುವ ದಾರಿಯನ್ನು ನೀವು ಮುಚ್ಚಿ ಕೂತರೆ ನಷ್ಟ ನಿಮ್ಮ ಗಿರಾಕಿಗಳಿಗೆ.

ಸಮಯ ಹತ್ತಿರ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಎರಡು ರೂಟರ್‌ಗಳ ನಡುವಿನ ಲಿಂಕ್ ಇದೆಯಲ್ಲ, ಅಲ್ಲಿ ಇರುವುದೇ ಇಬ್ಬರು. ಅದಕ್ಕೆ ಸ್ಲ್ಯಾಶ್ 64 ಬೇಡ, ಸ್ಲ್ಯಾಶ್ 127 ಕೊಡಿ. ಎರಡೇ ವಿಳಾಸ, ಹುಡುಕಲು ಮೂರನೆಯದು ಇರುವುದೇ ಇಲ್ಲ. ಸರ್ವರ್‌ಗಳಿಗೆ ಕೈಯಾರೆ ವಿಳಾಸ ಕೊಡುವ ಕಡೆ ಸ್ಲ್ಯಾಶ್ 120 ಮಾಡಬಹುದು, 256 ವಿಳಾಸಕ್ಕೆ ನಿಲ್ಲುತ್ತದೆ. ಆದರೆ ಫೋನ್‌ಗಳಿರುವ ವೈ-ಫೈಗೆ ಸ್ಲ್ಯಾಶ್ 64 ಹಾಗೇ ಇರಲಿ, ಅವು ತಾವೇ ವಿಳಾಸ ಮಾಡಿಕೊಳ್ಳಲು ಅಷ್ಟು ಬೇಕು. ಅಲ್ಲಿ ಫೈರ್‌ವಾಲ್ ಕಾಯಲಿ. ಮನೆಯವರು ರೂಟರ್ ಸೆಟ್ಟಿಂಗ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯಾ ಅಂತ ಒಮ್ಮೆ ನೋಡಿ. ಆಟದ ಸಲುವಾಗಿ ಮಕ್ಕಳು ಆಫ್ ಮಾಡಿರಬಹುದು. ಇನ್ನು ಕಟ್ಟಡದ ಒಳಗಿಂದಲೇ ಯಾರಾದರೂ ಹೀಗೆ ಮಾಡಿದರೆ ಬಾಗಿಲ ಫೈರ್‌ವಾಲ್ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಹುಡುಕಾಟದ ಮಿತಿಯೂ ಬೇಕು ಅನ್ನುವುದು, ಪ್ರತಿ ಇಂಟರ್‌ಫೇಸಿಗೂ (ರೂಟರಿನ ಪ್ರತಿ ಜೋಡಣೆಗೂ) ಬೇರೆ ಬೇರೆ ಬೇಕು. ಆಗ ಒಂದು ಕಡೆಯ ಗಲಾಟೆ ಇನ್ನೊಂದು ಕಡೆಗೆ ಹರಡುವುದಿಲ್ಲ.

ಆಪರೇಟರ್‌ಗಳೇ, ಮುಂದಿನ ಸಲ ರೂಟರ್ ಕೊಳ್ಳುವಾಗ ಎಷ್ಟು ಜಿಬಿಪಿಎಸ್ ಅಂತ ಕೇಳುವ ಮೊದಲು ಮಾರುವವರನ್ನು ಇದನ್ನು ಕೇಳಿ: "ಉತ್ತರ ಬರದ ನೈಬರ್ ಎಂಟ್ರಿಗಳಿಗೆ ಇಂಟರ್‌ಫೇಸ್‌ವಾರು ಮಿತಿ ಹಾಕಬಹುದಾ? ಆ ಸೆಟ್ಟಿಂಗ್ ಎಲ್ಲಿದೆ, ತೋರಿಸಿ." ತೋರಿಸಿದ ಮೇಲೇ ದುಡ್ಡು ಕೊಡಿ.

ನಮಸ್ಕಾರ.