ಒಂದು ಹಾಡು, ಹಲವು ತಾರೀಖು: ಫ್ರಾಂಕ್ ವಿಲ್ಸನ್ ಪ್ಲೇಟಿನ ಬೆನ್ನು ಹತ್ತಿ

ನನ್ನ ಪರದೆ ಮೇಲೆ ಕಾಣ್ತಿರೋದು ಏಳು ಇಂಚಿನ, 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಗ್ರಾಮಫೋನ್ ಪ್ಲೇಟಿನ ಫೋಟೊ. ಲೇಬಲ್ ಹೆಸರು ‘ಸೋಲ್’, ನಂಬರ್ 35019. ಹಾಡು ‘ಡೂ ಐ ಲವ್ ಯೂ (ಇನ್‌ಡೀಡ್ ಐ ಡೂ)’, ಹಾಡಿದವರು ಫ್ರಾಂಕ್ ವಿಲ್ಸನ್, ವರ್ಷ 1965. ‘ಸೋಲ್’ ಲೇಬಲ್ ನಡೆಸ್ತಿದ್ದ, ಅಮೆರಿಕದ ಡೆಟ್ರಾಯಿಟ್ ನಗರದ ಮೊಟೌನ್ ರೆಕಾರ್ಡ್ ಕಂಪನಿ ಸುಮಾರು 250 ಡೆಮೊ (ಮಾದರಿ) ಪ್ರತಿ ಒತ್ತಿಸಿ, ಆಮೇಲೆ ಬಿಡುಗಡೆಯನ್ನೇ ಕೈಬಿಟ್ಟಿತು ಅನ್ನೋದು ಸಂಗ್ರಾಹಕರ ನಡುವೆ ಓಡಾಡೋ ಲೆಕ್ಕ. ಉಳಿದದ್ದು ಬೆರಳೆಣಿಕೆಯಷ್ಟು. 2009ರಲ್ಲಿ ಒಂದು ಪ್ರತಿ 25,742 ಪೌಂಡಿಗೆ ಹೋಯ್ತು, 2020ರಲ್ಲಿ ಒಂದು ಲಕ್ಷ ಪೌಂಡಿಗೆ.

ಬೆಲೆ ವಿಷಯ ಇಲ್ಲಿಗೆ ಬಿಡೋಣ. ಇಂಥ ಹಾಡು ಯಾವಾಗ, ಎಲ್ಲಿ, ಯಾರ ಕೈಯಲ್ಲಿ ರೆಕಾರ್ಡ್ ಆಯ್ತು ಅಂತ ಹುಡುಕೋದು ಹೇಗೆ? ಒಂದು ಮಾತು ಗಟ್ಟಿಯಾಗಿ ಹಿಡ್ಕೊಳ್ಳಿ: ಹಾಡು ಬರೆದ ದಿನ ಬೇರೆ, ವಾದ್ಯ ನುಡಿಸಿದ ದಿನ ಬೇರೆ, ದನಿ ಸೇರಿಸಿದ ದಿನ ಬೇರೆ, ಪ್ಲೇಟು ಒತ್ತಿದ ದಿನ ಬೇರೆ. ಒಂದೊಂದು ದಾಖಲೆ ಇದರಲ್ಲಿ ಒಂದೊಂದು ದಿನವನ್ನ ಮಾತ್ರ ಹೇಳುತ್ತೆ. ಬರೆದ ದಿನವನ್ನೇ ರೆಕಾರ್ಡಿಂಗ್ ದಿನ ಅಂದ್ಕೊಂಡು ಕೆಟ್ಟ ಇತಿಹಾಸಗಳಿಗೆ ಲೆಕ್ಕವಿಲ್ಲ.

ಮೊದಲು ಪ್ಲೇಟನ್ನೇ ಓದಿ. ಹಾಡು ಮುಗಿದ ಮೇಲೆ ಲೇಬಲ್ ತನಕ ಒಂದು ಖಾಲಿ ಪಟ್ಟಿ ಇರುತ್ತಲ್ಲ, ಅಲ್ಲಿ ಗೀಚಿದ್ದು, ಮುದ್ರೆ ಒತ್ತಿದ್ದು ಎರಡೂ ಇರುತ್ತೆ. ದೀಪ ಆರಿಸಿ, ಟಾರ್ಚನ್ನ ಪ್ಲೇಟಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಿರಿ. ಮೇಲಿಂದ ಬೆಳಕು ಬಿಟ್ಟರೆ ಗೀರೆಲ್ಲ ಮಾಯ. ಲಾಸ್ ಏಂಜಲಿಸ್‌ನ ಮೊನಾರ್ಕ್ ಕಾರ್ಖಾನೆಯ ಪ್ಲೇಟುಗಳಲ್ಲಿ ಒಂದು ವೃತ್ತದೊಳಗೆ ‘ಎಂಆರ್’ ಮುದ್ರೆ, ಜೊತೆಗೆ ತ್ರಿಕೋನ ಗುರುತು, ಅದರ ಪಕ್ಕ ಒಂದು ಸಂಖ್ಯೆ ಸಿಗುತ್ತೆ. ಕೆಲಸ ಬಂದ ಸರದಿಯಲ್ಲೇ ಆ ಸಂಖ್ಯೆ ಏರುತ್ತಾ ಹೋಗ್ತಿತ್ತು. ಹಾಗಾಗಿ ತಾರೀಖಿಲ್ಲದ ಪ್ಲೇಟು ಸಿಕ್ಕರೆ, ಅದರ ಆಚೀಚೆಯ ಸಂಖ್ಯೆ ಇರೋ, ಬಿಡುಗಡೆ ದಿನ ಗೊತ್ತಿರೋ ಹಿಟ್ ಹಾಡುಗಳನ್ನ ಹುಡುಕಿ. ಕೆಲವು ವಾರಗಳ ಅಂತರದೊಳಗೆ ಬಂದು ನಿಲ್ತೀರಿ. ಆರ್‌ಸಿಎ ಕಾರ್ಖಾನೆ ಹೊರಗಿನವರಿಗೆ ಒತ್ತಿಕೊಟ್ಟ ಪ್ಲೇಟಾದರೆ ಇನ್ನೂ ಸುಲಭ: ಸಂಖ್ಯೆಯ ಮೊದಲ ಅಕ್ಷರವೇ ವರ್ಷ. ಆರ್ ಅಂದ್ರೆ 1964, ಎಸ್ 1965, ಟಿ 1966, ಯು 1967. ನೆನಪಿರಲಿ, ಇವೆಲ್ಲ ಹೇಳೋದು ಕಾರ್ಖಾನೆಯ ದಿನ, ಸ್ಟುಡಿಯೋದ ದಿನ ಅಲ್ಲ.

ಎರಡನೇದು ಕಾಪಿರೈಟ್ ಪಟ್ಟಿ. ಅಮೆರಿಕದ ಕಾಪಿರೈಟ್ ಕಚೇರಿ ಆ ಕಾಲದಲ್ಲಿ ಸಂಗೀತದ ನೋಂದಣಿಗಳನ್ನ ವರ್ಷಕ್ಕೆ ಎರಡು ಸಂಪುಟವಾಗಿ ಅಚ್ಚು ಹಾಕ್ತಿತ್ತು, ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ. ನೋಂದಣಿ ಸಂಖ್ಯೆ ‘ಇಯು’ ಅಂತ ಶುರುವಾದರೆ ಅಪ್ರಕಟಿತ ಹಾಡು, ‘ಇಪಿ’ ಅಂತಿದ್ದರೆ ಪ್ರಕಟಿತ. ಇಲ್ಲೇ ಜನ ಮುಗ್ಗರಿಸೋದು. 1972ರ ಫೆಬ್ರವರಿ 15ಕ್ಕಿಂತ ಮುಂಚಿನ ಧ್ವನಿಮುದ್ರಣಕ್ಕೆ ಅಲ್ಲಿ ಕೇಂದ್ರದ ಕಾಪಿರೈಟೇ ಇರಲಿಲ್ಲ. ನೋಂದಣಿ ಆಗ್ತಿದ್ದದ್ದು ಸಾಹಿತ್ಯ ಮತ್ತು ರಾಗ ಮಾತ್ರ. ಹಾಗಾಗಿ ಆ ತಾರೀಖು ರೆಕಾರ್ಡಿಂಗ್‌ಗಿಂತ ತಿಂಗಳುಗಟ್ಟಲೆ ಹಿಂದೆಯೂ ಇರಬಹುದು, ಮುಂದೆಯೂ ಇರಬಹುದು. ನಿರೀಕ್ಷಿಸಿದ ಸಂಪುಟದಲ್ಲಿ ಸಿಗದಿದ್ದರೆ ಮುಂದಿನದನ್ನೂ ತಿರುವಿ. ಸ್ಕ್ಯಾನ್ ಆದ ಅಕ್ಷರಗಳಲ್ಲಿ ತಪ್ಪು ಜಾಸ್ತಿ, ಆದ್ದರಿಂದ ಹಾಡಿನ ಹೆಸರು ಒಂದನ್ನೇ ನಂಬಬೇಡಿ. ಬರೆದವರ ಹೆಸರು, ಪ್ರಕಾಶಕರ ಹೆಸರು ಹಾಕಿಯೂ ಹುಡುಕಿ. ಮೊಟೌನ್ ಹಾಡುಗಳಿಗೆ ಪ್ರಕಾಶಕರು ಜೊಬೆಟೆ.

ಮೂರನೇದು ಸಂಗೀತಗಾರರ ಯೂನಿಯನ್ ಕಾಗದ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ತೂಕದ್ದು ಇದೇ. ತಾರೀಖು, ಸ್ಟುಡಿಯೋ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ನುಡಿಸಿದರು, ಎಷ್ಟು ಕೂಲಿ, ಎಲ್ಲ ಅದರಲ್ಲಿರುತ್ತೆ. ಯೂನಿಯನ್‌ನ ಊರೂರಿನ ಶಾಖೆಗೆ ‘ಲೋಕಲ್’ ಅಂತಾರೆ: ಲಾಸ್ ಏಂಜಲಿಸ್‌ನದ್ದು ಲೋಕಲ್ 47, ಡೆಟ್ರಾಯಿಟ್‌ನದ್ದು ಲೋಕಲ್ 5. ಮೂರು ಗಂಟೆಯ ಒಂದು ಸೆಷನ್‌ಗೆ ಮುಗಿದ ಸಂಗೀತ 15 ನಿಮಿಷ ಮೀರಬಾರದು ಅನ್ನೋದು ನಿಯಮ. ಅದಕ್ಕೇ ಒಂದೇ ಹಾಳೆಯಲ್ಲಿ ಮೂರು ನಾಲ್ಕು ಹಾಡು ಕಾಣ್ತವೆ. ಆದರೆ ಹಾಡುವವರ ಯೂನಿಯನ್ ಬೇರೆ, ಹಾಗಾಗಿ ಈ ಹಾಳೆಯಲ್ಲಿ ದನಿಯ ದಿನ ಸಿಗೋದಿಲ್ಲ. ಪಿಟೀಲು ಆಮೇಲೆ ಸೇರಿಸಿದ್ದರೆ ಅದಕ್ಕೆ ಇನ್ನೊಂದು ಹಾಳೆ. ಹಾಡಿಗೆ ಆಗಿನ್ನೂ ಹೆಸರೇ ಇಟ್ಟಿರದಿದ್ದರೆ ಯಾವುದೋ ತಾತ್ಕಾಲಿಕ ಹೆಸರು ಬರೆದಿರ್ತಾರೆ.

ಮೊಟೌನ್ ಅಂದ ಕೂಡಲೇ ‘ಡೆಟ್ರಾಯಿಟ್’ ಅಂತ ಬರೆದುಬಿಡೋರು ಇಲ್ಲಿ ನಿಧಾನಿಸಬೇಕು. ಫ್ರಾಂಕ್ ವಿಲ್ಸನ್ ಆಗ ಇದ್ದದ್ದು ಕಂಪನಿಯ ಲಾಸ್ ಏಂಜಲಿಸ್ ಕಚೇರಿಯಲ್ಲಿ. ಈ ಹಾಡಿನ ನಿರ್ಮಾಪಕರಾದ ಹಾಲ್ ಡೇವಿಸ್, ಮಾರ್ಕ್ ಗಾರ್ಡನ್ ಇಬ್ಬರೂ ಅಲ್ಲಿಯವರೇ. ಬಿಡುಗಡೆ ನಿಂತ ಮೇಲೆ ವಿಲ್ಸನ್ ಹಾಡೋದು ಬಿಟ್ಟು ಬರವಣಿಗೆ, ನಿರ್ಮಾಣ ಹಿಡಿದರು. ಮೊಟೌನ್‌ನ ಗಾಯಕಿಯರ ತಂಡ ಸುಪ್ರೀಮ್ಸ್‌ನ 1968ರ ಹಿಟ್ ‘ಲವ್ ಚೈಲ್ಡ್’ ಹಿಂದೆ ಇದ್ದ ತಂಡದಲ್ಲಿ ಅವರೂ ಒಬ್ಬರು.

ಇನ್ನು ಸುಳ್ಳು ಹೆಸರಿನ ಕಾಟ. ಎಪ್ಪತ್ತರ ದಶಕದಲ್ಲಿ ಉತ್ತರ ಇಂಗ್ಲೆಂಡಿನಲ್ಲಿ, ಅಮೆರಿಕದ ಅಪರೂಪದ ಸೋಲ್ ಹಾಡುಗಳಿಗೆ ಕುಣಿಯೋ ‘ನಾರ್ದರ್ನ್ ಸೋಲ್’ ಹಾಲ್‌ಗಳಲ್ಲಿ ಡಿಜೆಗಳು ಅಪರೂಪದ ಪ್ಲೇಟು ಸಿಕ್ಕರೆ ಲೇಬಲ್ ಮೇಲೆ ಕಾಗದ ಅಂಟಿಸಿ, ಹಾಡುಗಾರನಿಗೆ ಬೇರೆ ಹೆಸರು ಕೊಡ್ತಿದ್ದರು, ಪಕ್ಕದ ಹಾಲ್‌ನವನು ಹುಡುಕಿ ತರಬಾರದು ಅಂತ. ನಮ್ಮ ಹಾಡು ಹಾಗೇ ‘ಎಡ್ಡಿ ಫಾಸ್ಟರ್’ ಹೆಸರಲ್ಲಿ ಕಳ್ಳಪ್ರತಿಯಾಗಿ ಮಾರಾಟವಾಯ್ತು. ಎಡ್ಡಿ ಫಾಸ್ಟರ್ ನಿಜವಾಗಿಯೂ ಇದ್ದ ಬೇರೊಬ್ಬ ಗಾಯಕ. ಅವರಿಗೂ ಈ ಹಾಡಿಗೂ ಸಂಬಂಧವೇ ಇಲ್ಲ. ಅಧಿಕೃತವಾಗಿ ಬ್ರಿಟನ್ನಿನಲ್ಲಿ ಹಾಡು ಹೊರಬಂದದ್ದು 1979ರಲ್ಲಿ, ಟ್ಯಾಮ್ಲಾ ಮೊಟೌನ್ ಲೇಬಲ್‌ನಲ್ಲಿ, ನಂಬರ್ ಟಿಎಂಜಿ 1170. ಕಳ್ಳಪ್ರತಿಯನ್ನ ಸಾಮಾನ್ಯವಾಗಿ ಸ್ಟುಡಿಯೋದ ಮೂಲ ಟೇಪಿನಿಂದಲ್ಲ, ಪ್ಲೇಟಿನಿಂದಲೇ ನಕಲು ಮಾಡಿರ್ತಾರೆ. ಆದ್ದರಿಂದ ಹೊಚ್ಚ ಹೊಸ ಪ್ಲೇಟಿನಲ್ಲೂ ಹಳೇ ಚರಚರ ಕೇಳುತ್ತೆ, ತಾಳದ ತಟ್ಟೆಗಳ ಸದ್ದು ಮಂಕಾಗಿರುತ್ತೆ.

ಕೊನೆಗೆ ಕಿವಿಯ ಪರೀಕ್ಷೆ. ಮೊಟೌನ್‌ನ ಗಾಯಕಿ ಕ್ರಿಸ್ ಕ್ಲಾರ್ಕ್ ಇದೇ ಹಾಡನ್ನ ಇದೇ ವಾದ್ಯದ ಟೇಪಿನ ಮೇಲೆ ಹಾಡಿದ್ದಾರೆ. ಒಂದೇ ಟೇಪು ಹೌದೋ ಅಲ್ಲವೋ ಅಂತ ನೋಡೋಕೆ ಎರಡನ್ನೂ ಆಡಾಸಿಟಿ ಅನ್ನೋ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಹಾಕಿ, ಮೊದಲ ಡ್ರಮ್ ಏಟನ್ನ ಒಂದೇ ಗೆರೆಗೆ ತನ್ನಿ. ಆಮೇಲೆ ಎರಡರಲ್ಲೂ ಸ್ಪಷ್ಟವಾಗಿ ಕೇಳೋ ಕೊನೆಯ ಏಟಿನ ತನಕ ಅಳೆಯಿರಿ. ಒಂದರಲ್ಲಿ 150 ಸೆಕೆಂಡು, ಇನ್ನೊಂದರಲ್ಲಿ 151.5 ಬಂದರೆ ವೇಗದಲ್ಲಿ ಶೇಕಡಾ 1 ವ್ಯತ್ಯಾಸ. ಟರ್ನ್‌ಟೇಬಲ್‌ಗಳ ನಡುವೆ ಇಷ್ಟು ಮಾಮೂಲಿ. ‘ಚೇಂಜ್ ಸ್ಪೀಡ್ ಆಂಡ್ ಪಿಚ್’ (ಹಳೇ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) ಬಳಸಿ ಸರಿಪಡಿಸಿ. ‘ಚೇಂಜ್ ಟೆಂಪೊ’ ಬೇಡ, ಅದು ಶ್ರುತಿಯನ್ನ ಮುಟ್ಟೋದಿಲ್ಲ, ಪ್ಲೇಟು ನಿಧಾನವಾದಾಗ ಶ್ರುತಿಯೂ ಇಳಿದಿರುತ್ತೆ. ಸರಿಯಾದ ಮೇಲೆ ನಡುನಡುವಿನ ಡ್ರಮ್ ಉರುಳುಗಳನ್ನ ಗಮನಿಸಿ. ಎಷ್ಟೇ ಪಳಗಿದ ಕೈಯಾದರೂ ಎರಡು ಸಲ ಕೂದಲೆಳೆಯಷ್ಟು ನಿಖರವಾಗಿ ಒಂದೇ ಥರ ನುಡಿಸೋದಿಲ್ಲ. ಎಲ್ಲ ಉರುಳೂ ಒಂದರ ಮೇಲೊಂದು ಕೂತರೆ ಟೇಪು ಒಂದೇ.

ಯಾರ ದನಿ ಮೊದಲು ಟೇಪಿಗೆ ಬಿತ್ತು ಅನ್ನೋದನ್ನ ಮಾತ್ರ ಈ ಪರೀಕ್ಷೆ ಹೇಳೋದಿಲ್ಲ, ಅದಕ್ಕೆ ಟೇಪ್ ಡಬ್ಬಿ ಮೇಲಿನ ಬರಹ ಬೇಕು. ಹೆಡ್‌ಫೋನ್ ಹಾಕ್ಕೊಂಡು ನೀವೇ ಕೇಳಿ ನೋಡಿ: ಎಡಗಿವಿಗೆ ಫ್ರಾಂಕ್ ವಿಲ್ಸನ್, ಬಲಗಿವಿಗೆ ಕ್ರಿಸ್ ಕ್ಲಾರ್ಕ್.