ಝಂಗರ್‌ನ ಬ್ರಿಗೇಡಿಯರ್

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಬಗ್ಗೆ. ಭಾರತೀಯ ಸೇನೆಯ 50ನೇ ಪ್ಯಾರಾಶೂಟ್ ಬ್ರಿಗೇಡಿಗೆ ಅವರು ಕಮಾಂಡರ್ ಆಗಿದ್ದರು. ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದಾಗ, 1948ರ ಜುಲೈ 3ರ ಸಂಜೆ, ಜಮ್ಮು ಭಾಗದ ಝಂಗರ್‌ನಲ್ಲಿ ಫಿರಂಗಿ ಶೆಲ್ ಬಿದ್ದು ತೀರಿಕೊಂಡರು. ಇನ್ನು 12 ದಿನ ಕಳೆದಿದ್ದರೆ 36 ವರ್ಷ ತುಂಬುತ್ತಿತ್ತು. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು.

ಅವರ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಎರಡು ಸಂಗತಿ ಗೊತ್ತಿರುತ್ತದೆ. ದೇಶ ಒಡೆದಾಗ ಪಾಕಿಸ್ತಾನಕ್ಕೆ ಬನ್ನಿ ಅಂತ ಕರೆ ಬಂತು, ಅವರು ಒಲ್ಲೆ ಅಂದರು. ಮುಂದೆ ಅವರ ತಲೆಗೆ 50,000 ರೂಪಾಯಿ ಬಹುಮಾನ ಸಾರಿದರು. ಎರಡೂ ಹೇಳಲೇಬೇಕಾದ ಮಾತು. ಆದರೆ ಅಲ್ಲಿಗೇ ನಿಲ್ಲಿಸಿಬಿಟ್ಟರೆ ಅವರಿಗೆ ಅನ್ಯಾಯ ಆಗುತ್ತದೆ ಅಂತ ನನ್ನ ಅನಿಸಿಕೆ. ಅವರನ್ನು ಯಾರು ಬೇಕು ಅಂದರು, ಯಾರು ಸಾಯಲಿ ಅಂದರು ಅನ್ನುವುದಷ್ಟೇ ಅದರಲ್ಲಿ ಗೊತ್ತಾಗುತ್ತದೆ. ಅವರು ಕೆಲಸ ಹೇಗೆ ಮಾಡುತ್ತಿದ್ದರು ಅನ್ನುವುದು ಗೊತ್ತಾಗುವುದಿಲ್ಲ. ಹಾಗಾಗಿ ಆ ಕೊನೆಯ ಆರೇಳು ತಿಂಗಳ ಬಗ್ಗೆ ಜಾಸ್ತಿ ಹೇಳುತ್ತೇನೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಉತ್ತರ ಪ್ರದೇಶದ ಆಜಂಗಢದ ಕಡೆಯ ಬೀಬೀಪುರದಲ್ಲಿ 1912ರ ಜುಲೈ 15ರಂದು ಹುಟ್ಟಿದರು. ಅಪ್ಪ ಪೊಲೀಸ್ ಅಧಿಕಾರಿ. ಓದಿದ್ದು ಬನಾರಸ್‌ನಲ್ಲಿ. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಬಾವಿಗೆ ಬಿದ್ದ ಮಗುವನ್ನು ಎತ್ತಲು ತಾನೂ ಹಾರಿದ್ದ ಅನ್ನುತ್ತಾರೆ. 1932ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜಿಗೆ ಆಯ್ಕೆಯಾದರು. ಡೆಹ್ರಾಡೂನಿನಲ್ಲಿ ನಮ್ಮದೇ ಮಿಲಿಟರಿ ಅಕಾಡೆಮಿ ಶುರುವಾಗಿದ್ದೂ ಅದೇ ವರ್ಷ. 1935ರಲ್ಲಿ ಬಲೂಚ್ ರೆಜಿಮೆಂಟ್ ಸೇರಿದರು. ವಾಯವ್ಯ ಗಡಿಯ ಗುಡ್ಡಗಳಲ್ಲಿ, ಆಮೇಲೆ ಬರ್ಮಾದಲ್ಲಿ ಯುದ್ಧ ನೋಡಿದರು. ಒಂದು ಬೆಟಾಲಿಯನ್ನಿಗೆ ಕಮಾಂಡರ್ ಕೂಡ ಆದರು.

ಆಮೇಲೆ ಬಂತು 1947. ಮನೆ, ಜಮೀನು ಹಂಚಿಕೊಂಡ ಹಾಗೆ ಸೇನೆಯನ್ನೂ ಹಂಚಿಕೊಂಡರು. ಬಲೂಚ್ ರೆಜಿಮೆಂಟ್ ಇಡಿಯಾಗಿ ಪಾಕಿಸ್ತಾನದ ಪಾಲಿಗೆ ಹೋಯಿತು. ಹನ್ನೆರಡು ವರ್ಷ ಯಾರ ಜೊತೆ ಉಂಡು, ಕಾದಾಡಿ, ಹೆಣ ಹೊತ್ತು ಬಂದಿದ್ದರೋ ಅವರೆಲ್ಲ ಆ ಕಡೆ. ಸೈನಿಕನಿಗೆ ರೆಜಿಮೆಂಟ್ ಅಂದರೆ ಏನು ಅಂತ ಮಿಲಿಟರಿ ಮನೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಅಂಥ ರೆಜಿಮೆಂಟ್ ಬಿಟ್ಟು ಉಸ್ಮಾನ್ ಈ ಕಡೆ ಉಳಿದರು. ಡೋಗ್ರಾ ರೆಜಿಮೆಂಟಿಗೆ ವರ್ಗವಾದರು. ಮುಂದಿನ ಹೊಣೆ ಪ್ಯಾರಾಶೂಟ್ ಬ್ರಿಗೇಡಿನದು.

ಇಲ್ಲಿ ಒಂದು ಮಾತು. ಪ್ಯಾರಾಟ್ರೂಪರ್ ಅಂದ ಕೂಡಲೇ ವಿಮಾನದಿಂದ ಜಿಗಿಯುವವರು ಕಣ್ಣ ಮುಂದೆ ಬರುತ್ತಾರೆ. 1947–48ರ ಕಾಶ್ಮೀರದಲ್ಲಿ ಯಾರೂ ಹಾಗೆ ಜಿಗಿದು ಯುದ್ಧ ಮಾಡಲಿಲ್ಲ. ಪ್ಯಾರಾ ಬೆಟಾಲಿಯನ್ನುಗಳು ಗುಡ್ಡ ಹತ್ತಿ, ಬಂಡೆಗಳ ಮರೆಯಲ್ಲಿ ಕೂತು, ಪದಾತಿ ದಳದ ಹಾಗೆಯೇ ಹೋರಾಡಿದವು. ಉಸ್ಮಾನ್ ಕೈಕೆಳಗೆ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಪ್ಯಾರಾ ಬೆಟಾಲಿಯನ್ ಇತ್ತು. ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ರೆಜಿಮೆಂಟ್ ಅದು. ಮುಂದೆ ಅದೇ ಬೆಟಾಲಿಯನ್ 2 ಪ್ಯಾರಾ ಆಯಿತು. 1971ರ ಡಿಸೆಂಬರ್ 11ರಂದು ಬಾಂಗ್ಲಾದೇಶದ ಟಂಗೈಲ್‌ನಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಇಳಿದವರು ಅವರೇ.

ಈಗ ನೌಶೇರಾಕ್ಕೆ ಬರೋಣ. ಇಂದಿನ ರಾಜೌರಿ ಜಿಲ್ಲೆಯ ಊರು. ಅದರ ಪಶ್ಚಿಮಕ್ಕೆ ಝಂಗರ್. ಮೀರ್‌ಪುರದ ರಸ್ತೆ, ಕೋಟ್ಲಿಯ ರಸ್ತೆ ಎರಡೂ ಝಂಗರ್‌ನಲ್ಲಿ ಕೂಡುತ್ತವೆ. ಅದು ಯಾರ ಕೈಯಲ್ಲಿದೆಯೋ ಅವರು ನೌಶೇರಾದ ಬಾಗಿಲಲ್ಲೇ ಕೂತ ಹಾಗೆ. 1947ರ ಡಿಸೆಂಬರ್ ಕೊನೆಯಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಝಂಗರ್ ನಮ್ಮ ಕೈ ತಪ್ಪಿತು. ಮುಂದಿನ ಸರದಿ ನೌಶೇರಾದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಉಸ್ಮಾನ್ ಬ್ರಿಗೇಡಿನ ಹೊಣೆ ಹೊತ್ತುಕೊಂಡಿದ್ದು ಇಂಥ ಹೊತ್ತಲ್ಲಿ. ಸುತ್ತಲ ಎತ್ತರದ ಗುಡ್ಡಗಳಲ್ಲಿ ಶತ್ರು, ಅಂದರೆ ಪಾಕಿಸ್ತಾನದ ಕಡೆಯಿಂದ ನುಗ್ಗಿದ ದಾಳಿಕೋರರು. ಊರೊಳಗೆ ಓಡಿ ಬಂದ ನಿರಾಶ್ರಿತರು. ಸೋತು ಹಿಂದೆ ಬಂದ ಪಡೆಯ ಮುಖದಲ್ಲಿ ಕಳೆ ಇಲ್ಲ.

ಅವರು ಮಾಡಿದ ಮೊದಲ ಕೆಲಸಗಳನ್ನು ನೋಡಿ. ಬ್ರಿಗೇಡಿನಲ್ಲಿ ಒಂದೊಂದು ತುಕಡಿಗೂ ಒಂದೊಂದು ನಮಸ್ಕಾರ, ಒಂದೊಂದು ಘೋಷಣೆ ಇತ್ತು. ಇನ್ನು ಮೇಲೆ ಎಲ್ಲರೂ ಪರಸ್ಪರ ‘ಜೈ ಹಿಂದ್’ ಅನ್ನಬೇಕು ಅಂದರು. ಊರಿನ ಜನಕ್ಕೆ ಊಟಕ್ಕಿಲ್ಲ ಅಂತ ಗೊತ್ತಾದಾಗ ಮಂಗಳವಾರ ಬ್ರಿಗೇಡಿಗೆ ಉಪವಾಸ ಅಂತ ಗೊತ್ತುಮಾಡಿದರು. ಉಳಿದ ರೇಷನ್ ಜನರಿಗೆ ಹೋಯಿತು. ಸುಮ್ನೆ ಯೋಚನೆ ಮಾಡಿ. ಜನವರಿಯ ಚಳಿ. ರಾತ್ರಿಯಿಡೀ ಗುಡ್ಡದ ಮೇಲೆ ಕಾವಲು. ಅಂಥವನಿಗೆ ಇವತ್ತು ಊಟ ಬಿಡು ಅನ್ನಬೇಕಾದರೆ ಹೇಳುವವನೂ ಬಿಟ್ಟಿರಬೇಕು. ಇಲ್ಲದಿದ್ದರೆ ಯಾರು ಕೇಳುತ್ತಾರೆ?

ತಮಗೂ ಒಂದು ಶಪಥ ಹಾಕಿಕೊಂಡಿದ್ದರು. ಝಂಗರ್ ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು.

ಆ ಜನವರಿಯಲ್ಲಿ ನಮ್ಮ ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ ಪಶ್ಚಿಮ ಭಾಗದ ಸೇನೆಯ ಮುಖ್ಯಸ್ಥರಾಗಿ ಬಂದರು. ಬಂದ ಕೆಲವೇ ದಿನಗಳಲ್ಲಿ ನೌಶೇರಾಕ್ಕೆ ಹೋದರು. ಸುತ್ತಾಡಿ, ಎಲ್ಲ ನೋಡಿ, ಹೊರಡುವಾಗ ಉಸ್ಮಾನ್ ಹತ್ತಿರ ನನಗೊಂದು ಉಡುಗೊರೆ ಬೇಕು ಅಂದರಂತೆ. ಏನು ಉಡುಗೊರೆ? ನೌಶೇರಾದ ನೆತ್ತಿಯ ಮೇಲಿದ್ದ ಕೋಟ್ ಅನ್ನುವ ಎತ್ತರದ ಜಾಗ. ಉಸ್ಮಾನ್ ಅದನ್ನು ಹಿಡಿಯಲು ಹಾಕಿದ ಯೋಜನೆಗೆ ‘ಆಪರೇಷನ್ ಕಿಪ್ಪರ್’ ಅಂತ ಹೆಸರಿಟ್ಟರು. ಕಿಪ್ಪರ್ ಅನ್ನುವುದು ಸೇನೆಯಲ್ಲಿ ಕಾರ್ಯಪ್ಪನವರ ಅಡ್ಡಹೆಸರು. ಫೆಬ್ರವರಿ 1ಕ್ಕೆ ಕೋಟ್ ಕೈಗೆ ಬಂತು.

ಐದು ದಿನಕ್ಕೇ ಅದರ ಬೆಲೆ ಗೊತ್ತಾಯಿತು. ಫೆಬ್ರವರಿ 6ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಸಾವಿರಾರು ಜನ ನೌಶೇರಾ ಮೇಲೆ ಎಲ್ಲ ಕಡೆಯಿಂದ ಬಿದ್ದರು. ಕೋಟ್ ಅವರ ಕೈಯಲ್ಲೇ ಇದ್ದಿದ್ದರೆ ಆ ದಿನ ಏನಾಗುತ್ತಿತ್ತೋ! ಎಲ್ಲಕ್ಕಿಂತ ಘೋರವಾದ ಕಾಳಗ ನಡೆದಿದ್ದು ತೈಂಧಾರ್ ದಿಣ್ಣೆಯ ಮೇಲೆ. ಅಲ್ಲಿ ರಜಪೂತ್ ರೆಜಿಮೆಂಟಿನ ನಾಯಕ್ ಜದುನಾಥ್ ಸಿಂಗ್ ಒಂಬತ್ತು ಜನರ ಒಂದು ಸಣ್ಣ ಕಾವಲು ಠಾಣೆ ನೋಡಿಕೊಳ್ಳುತ್ತಿದ್ದರು. ಒಂದಾದ ಮೇಲೊಂದು ದಾಳಿ. ಕೊನೆಗೆ ಜೊತೆಯವರೆಲ್ಲ ಸತ್ತರು, ಇಲ್ಲ ಗಾಯಗೊಂಡು ಬಿದ್ದರು. ಗಾಯಗೊಂಡಿದ್ದ ಜದುನಾಥ್ ಒಬ್ಬರೇ ಸ್ಟೆನ್ ಗನ್ ಹಿಡಿದು ಹೊರಗೆ ನುಗ್ಗಿದರು. ಬಂದವರು ಹಿಂದೆ ಸರಿದರು. ಜದುನಾಥ್ ಅಲ್ಲೇ ಪ್ರಾಣ ಬಿಟ್ಟರು. ಅವರಿಗೆ ಪರಮವೀರ ಚಕ್ರ. ನೌಶೇರಾ ಉಳಿಯಿತು. ಉಸ್ಮಾನ್‌ಗೆ ‘ನೌಶೇರಾದ ಸಿಂಹ’ ಅನ್ನುವ ಹೆಸರು ಬಂದಿದ್ದು ಆಮೇಲೆ. ನಾವು ಆ ಬಿರುದು ಹೇಳುವಾಗ ಜದುನಾಥ್ ಹೆಸರನ್ನೂ ಸೇರಿಸಿ ಹೇಳಬೇಕು ಅಂತ ನನ್ನ ಆಸೆ.

ಅದೇ ಕಾಳಗದಲ್ಲಿ ಮಕ್ಕಳೂ ಇದ್ದರು. ನೌಶೇರಾದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಅಲೆಯುತ್ತಿದ್ದ ಹುಡುಗರನ್ನು ಉಸ್ಮಾನ್ ಒಟ್ಟು ಮಾಡಿ ‘ಬಾಲಕ ಸೇನೆ’ ಅಂತ ಕಟ್ಟಿದ್ದರು. ಆರರಿಂದ ಹನ್ನೆರಡು ವರ್ಷದವರು. ಊಟ, ಪಾಠ, ಕವಾಯತು. ಕಾಳಗ ನಡೆದಾಗ ಈ ಹುಡುಗರು ಗುಂಡಿನ ನಡುವೆ ಓಡಾಡಿ ಸುದ್ದಿ ಮುಟ್ಟಿಸಿದರು. ಅವರಲ್ಲಿ ಮೂವರಿಗೆ ಪ್ರಧಾನಿ ನೆಹರೂ ಚಿನ್ನದ ಕೈಗಡಿಯಾರ ಕೊಟ್ಟರು. ಈ ಭಾಗ ಓದುವಾಗ ನನಗೆ ಹೆಮ್ಮೆಯ ಜೊತೆ ಸಂಕಟವೂ ಆಗುತ್ತದೆ. ಅಷ್ಟು ಚಿಕ್ಕ ಮಕ್ಕಳು ಗುಂಡಿನ ಎದುರು ಓಡಬಾರದಿತ್ತು. ಇವತ್ತಾದರೆ ನಾವ್ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಆ ಚಳಿಗಾಲದಲ್ಲಿ ಆ ಮಕ್ಕಳಿಗೆ ಬೇರೆ ದಿಕ್ಕಿರಲಿಲ್ಲ ಅನ್ನುವುದೂ ನಿಜ. ಅವರನ್ನು ಹುಡುಕಿ, ಕೂರಿಸಿ, ಊಟ ಹಾಕಿ, ಅಕ್ಷರ ಕಲಿಸಲು ಯುದ್ಧದ ನಡುವೆ ಒಬ್ಬ ಬ್ರಿಗೇಡಿಯರ್ ಪುರಸೊತ್ತು ಮಾಡಿಕೊಂಡಿದ್ದರು. ಉಸ್ಮಾನ್ ಮದುವೆಯಾಗಿರಲಿಲ್ಲ. ತಮ್ಮ ಸಂಬಳದ ದೊಡ್ಡ ಪಾಲನ್ನು ಬಡ ಮಕ್ಕಳ ಓದಿಗೇ ಕೊಡುತ್ತಿದ್ದರು.

ಮಾರ್ಚ್‌ನಲ್ಲಿ ಝಂಗರ್ ಕಡೆ ಹೊರಟರು. ಬ್ರಿಗೇಡಿಯರ್ ಯದುನಾಥ್ ಸಿಂಗ್ (ಜದುನಾಥ್ ಅಲ್ಲ, ಇವರು ಬೇರೆ) ಅವರ 19ನೇ ಇನ್‌ಫೆಂಟ್ರಿ ಬ್ರಿಗೇಡ್, ಜೊತೆಗೆ ಉಸ್ಮಾನ್ ಅವರ 50ನೇ ಪ್ಯಾರಾ ಬ್ರಿಗೇಡ್. ಮಳೆ ಹಿಡಿದುಕೊಂಡಿತು. ದಾರಿಯೆಲ್ಲ ಕೆಸರು. ಹೊರಡುವ ಮುಂಚೆ ಉಸ್ಮಾನ್ ತಮ್ಮ ಸೈನಿಕರಿಗೆ ಒಂದು ಆದೇಶ ಬರೆದರು. ಅದರಲ್ಲಿ ಅವರನ್ನು ‘ಸಂಗಾತಿಗಳೇ’ ಅಂತ ಕರೆದಿದ್ದಾರೆ. ಕೆಲಸ ಸುಲಭ ಅಲ್ಲ ಅಂತ ಬಿಚ್ಚಿ ಹೇಳಿದ್ದಾರೆ. ಮಾರ್ಚ್ 18ಕ್ಕೆ ಝಂಗರ್ ವಾಪಸ್ ಬಂತು. ಆ ರಾತ್ರಿ ಬ್ರಿಗೇಡಿಯರ್ ಮಂಚದ ಮೇಲೆ ಮಲಗಬೇಕು, ಶಪಥ ಮುಗಿಯಿತಲ್ಲ. ನೋಡಿದರೆ ಕೇಂದ್ರ ಠಾಣೆಯಲ್ಲಿ ಒಂದೂ ಮಂಚ ಇಲ್ಲ! ಹತ್ತಿರದ ಹಳ್ಳಿಯಿಂದ ಒಂದು ಮಂಚ ಕೇಳಿ ತಂದರು.

ಝಂಗರ್ ಹೋದ ಮೇಲೆ ಆ ಕಡೆಯವರು ಸುಮ್ಮನೆ ಕೂರಲಿಲ್ಲ. ಮೇ ತಿಂಗಳಿಂದ ಪಾಕಿಸ್ತಾನದ ಖಾಯಂ ಸೇನೆಯೇ ಎದುರು ನಿಂತಿತು. ದಿನಾ ಫಿರಂಗಿ ದಾಳಿ.

ಜುಲೈ 3ರ ಸಂಜೆ. ಉಸ್ಮಾನ್ ದಿನಾ ಸಂಜೆ ತಮ್ಮ ಅಧಿಕಾರಿಗಳ ಸಭೆ ಕರೆಯುತ್ತಿದ್ದರು. ಅವತ್ತಿನ ಸಭೆ ಮುಗಿದಿತ್ತು. ಆರು ಗಂಟೆಗೆ ಸ್ವಲ್ಪ ಮುಂಚೆ ಶೆಲ್‌ಗಳು ಬೀಳತೊಡಗಿದವು. ಎಲ್ಲರೂ ಮರೆಗೆ ಓಡಿದರು. ಉಸ್ಮಾನ್ ಕೆಲವರ ಜೊತೆ ಒಂದು ಚಾಚಿಕೊಂಡ ಬಂಡೆಯ ಕೆಳಗೆ ನಿಂತರು. ನಮ್ಮ ಫಿರಂಗಿಗಳು ಉತ್ತರ ಕೊಟ್ಟವು. ನಡುವೆ ಸ್ವಲ್ಪ ಹೊತ್ತು ಸದ್ದು ನಿಂತಿತು. ಉಸ್ಮಾನ್ ಮರೆಯಿಂದ ಹೊರಗೆ ಬಂದರು. ಮುಂದೆ ಎಲ್ಲಿಗೆ ಗುರಿ ಇಡಬೇಕು ಅಂತ ಹೇಳುವುದಿತ್ತು. ಆಗ ಒಂದು ಶೆಲ್ ಪಕ್ಕದ ಬಂಡೆಗಳ ನಡುವೆ ಬಿದ್ದು ಸಿಡಿಯಿತು. ಅದು 25 ಪೌಂಡರ್ ಫಿರಂಗಿಯ ಶೆಲ್. ಎರಡೂ ಸೇನೆಗಳ ಹತ್ತಿರ ಅದೇ ಬ್ರಿಟಿಷ್ ಫಿರಂಗಿ ಇತ್ತು. ಹಂಚಿಕೊಂಡ ಸಾಮಾನಲ್ಲವೇ.

ಅವರನ್ನು ದೆಹಲಿಗೆ ತಂದು ಜಾಮಿಯಾ ಮಿಲಿಯಾ ಇಸ್ಲಾಮಿಯಾ ಅನ್ನುವ ವಿದ್ಯಾಸಂಸ್ಥೆಯ ಆವರಣದಲ್ಲಿ ಸರ್ಕಾರಿ ಗೌರವದ ಜೊತೆ ಮಣ್ಣು ಮಾಡಿದರು. ಗವರ್ನರ್ ಜನರಲ್ ರಾಜಗೋಪಾಲಾಚಾರಿ, ನೆಹರೂ, ಮೌಲಾನಾ ಆಜಾದ್ ಎಲ್ಲರೂ ಬಂದಿದ್ದರು. ಮಹಾವೀರ ಚಕ್ರ ಅನ್ನುವ ಪದಕ ಸ್ಥಾಪನೆಯಾಗಿದ್ದೇ 1950ರ ಜನವರಿ 26ಕ್ಕೆ. 1947ರ ಆಗಸ್ಟ್ 15ರಿಂದಲೇ ಲೆಕ್ಕಕ್ಕೆ ಬರುವ ಹಾಗೆ ಅದನ್ನು ಮಾಡಿದ್ದರಿಂದ ಉಸ್ಮಾನ್‌ಗೂ ಸಂದಿತು.

ಝಂಗರ್‌ನಲ್ಲಿ ಅವರ ಸ್ಮಾರಕ ಇದೆ. ಪ್ರತಿ ವರ್ಷ ಜುಲೈ 3ಕ್ಕೆ ಸೇನೆ ಅಲ್ಲಿ ಗೌರವ ಸಲ್ಲಿಸುತ್ತದೆ. ದೆಹಲಿಯ ಸಮಾಧಿಯ ಪಾಡು ಅಷ್ಟು ಚೆನ್ನಾಗಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಅದರ ಕಲ್ಲು ಒಡೆದು ಬಿದ್ದಿದ್ದು ಸುದ್ದಿಯಾಯಿತು. ಸೇನೆಯೇ ಮುಂದೆ ನಿಂತು ಸರಿ ಮಾಡಿಸಿತು. ಸುದ್ದಿಯಾಗುವವರೆಗೆ ಅಲ್ಲಿ ಯಾರ ಸಮಾಧಿ ಇದೆ ಅಂತ ದೇಶದ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ನನಗೆ ಅದು ತುಂಬಾ ನೋವಿನ ವಿಷಯ.

ನಿಮ್ಮಲ್ಲಿ ಎಷ್ಟೋ ಜನ ದೆಹಲಿಗೆ ಹೋಗಿ ಬರುತ್ತೀರಿ. ಮೆಟ್ರೋದ ಮಜೆಂಟಾ ಮಾರ್ಗದಲ್ಲಿ ಜಾಮಿಯಾ ಮಿಲಿಯಾ ಇಸ್ಲಾಮಿಯಾ ಅನ್ನುವ ನಿಲ್ದಾಣ ಇದೆ. ಅಲ್ಲಿ ಇಳಿದು ಬಾಟ್ಲಾ ಹೌಸ್ ಕಡೆಯ ಖಬರಸ್ತಾನ ಕೇಳಿಕೊಂಡು ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ನನ್ನ ಮಾತು ಇಷ್ಟು. ನಿಮ್ಮಲ್ಲಿ ಯಾರಾದರೂ ಪ್ಯಾರಾ ಬೆಟಾಲಿಯನ್ನುಗಳಲ್ಲಿದ್ದವರು, ಮರಾಠಾ ರೆಜಿಮೆಂಟಿನಲ್ಲಿದ್ದವರು ಇದ್ದರೆ ದಯವಿಟ್ಟು ಮುಂದೆ ಬಂದು ಮಾತಾಡಿ. ನಾವೆಲ್ಲ ಕೇಳುತ್ತೇವೆ.