ಫ್ಲ್ಯಾಶ್ ಸ್ಟ್ಯಾಂಡಿಗೆ ಒಂದು ದಾರ ಕಟ್ಟಿ

[ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲು, ಇಳಿಹೊತ್ತು. ಸ್ಟ್ಯಾಂಡ್ ಮೇಲೆ ಬಿಳಿ ಅಂಬ್ರೆಲಾ ಹಾಕಿದ ಫ್ಲ್ಯಾಶ್]

ನಮಸ್ಕಾರ. ಮಂಡ್ಯದ ಒಂದು ಛತ್ರದಲ್ಲಿ ರಿಸೆಪ್ಷನ್ ಫೋಟೋ ತೆಗೀತಿದ್ದೆ, ಫ್ಲ್ಯಾಶ್ ಟಿಟಿಎಲ್‌ನಲ್ಲಿತ್ತು, ಅಂದ್ರೆ ಎಷ್ಟು ಬೆಳಕು ಬಿಡಬೇಕು ಅಂತ ತಾನೇ ತೀರ್ಮಾನಿಸೋ ಆಟೋ ಮೋಡ್. ಬಿಳಿ ಪಂಚೆ, ಬಿಳಿ ಶರ್ಟಿನ ಹಿರಿಯರು ಬಂದು ನಿಂತ್ರೆ ಎಲ್ಲರ ಮುಖ ಮಂಕು. ಕಡುಹಸಿರು ಮೈಸೂರ್ ಸಿಲ್ಕ್ ಉಟ್ಟ ಅತ್ತೆಯರು ಬಂದ್ರೆ ಮುಖ ಸುಣ್ಣ ಬಳಿದ ಹಾಗೆ. ಆ ಆಲ್ಬಮ್ ಸರಿಮಾಡೋಕೆ ನಾಲ್ಕು ರಾತ್ರಿ ಕೂತೆ.

ಟಿಟಿಎಲ್ ಮೊದಲು ಒಂದು ಸಣ್ಣ ಮಿಂಚು ಬಿಟ್ಟು, ತಿರುಗಿ ಬಂದ ಬೆಳಕನ್ನ ಅಳೆಯುತ್ತೆ. ಬಿಳಿ ಬಟ್ಟೆಯಿಂದ ಜಾಸ್ತಿ ಬೆಳಕು ಬರುತ್ತಲ್ಲ, ಹಾಗಾಗಿ ಫ್ಲ್ಯಾಶ್ ತಗ್ಗಿಸುತ್ತೆ. ಅದಕ್ಕೇ ಈಗ ನಾನು ಮ್ಯಾನ್ಯುಅಲ್, ಅಂದ್ರೆ ಫ್ಲ್ಯಾಶಿನ ಪವರ್ ನಾನೇ ಇಡೋ ಮೋಡ್, ಬಿಟ್ಟು ಕದಲಲ್ಲ. ಸೀರೆ ಯಾವ ಬಣ್ಣದ್ದಾದ್ರೂ ಬೆಳಕು ಅಷ್ಟೇ.

ಆಮೇಲೆ ಕೈಕೊಡೋದು ದೂರ. ಕ್ಯಾಮೆರಾದಿಂದ ಅಲ್ಲ, ಫ್ಲ್ಯಾಶಿನಿಂದ ಮುಖಕ್ಕೆ ಇರೋ ದೂರ. 2 ಮೀಟರ್ ಇದ್ದಿದ್ದು 4 ಆದ್ರೆ ಬೆಳಕು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತೆ. 2.8ಕ್ಕೆ ಹೋದ್ರೇ ಒಂದು ಸ್ಟಾಪ್, ಅಂದ್ರೆ ಅರ್ಧ ಬೆಳಕು, ಹೋಯ್ತು. ಇಲ್ಲಿ ಮದುಮಗಳು ಎರಡು ಮೆಟ್ಟಿಲು ಇಳಿದ್ರೆ ಸಾಕು.

[ದಾರದ ಗಂಟುಗಳು ಹತ್ತಿರದಿಂದ]

ಅದಕ್ಕೇ ಈ ದಾರ. 1.4, 2, 2.8 ಮೀಟರಿಗೆ ಒಂದೊಂದು ಗಂಟು. ನಡುವಿನ ಗಂಟನ್ನ ಗಲ್ಲದ ಹತ್ತಿರ ಹಿಡಿದು, ಕ್ಯಾಮೆರಾದಲ್ಲಿ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 200, ಎಫ್ (ಲೆನ್ಸಿನ ಬಾಯಿ) 5.6, ಫ್ಲ್ಯಾಶಿನಲ್ಲಿ ಫುಲ್ ಪವರಿನ 1/8 ಇಟ್ಟು ಶುರು ಮಾಡಿ, ನಿಮ್ಮ ಅಂಬ್ರೆಲಾಗೆ ತಕ್ಕ ಹಾಗೆ ಹೊಂದಿಸಿಕೊಳ್ಳಿ. ಅವರು 2.8ರ ಗಂಟಿಗೆ ಸರಿದ್ರೆ 1/4, 1.4ರ ಗಂಟಿಗೆ ಬಂದ್ರೆ 1/16. ಬೆಳಕಿನ ಹರವು ಬದಲಿಸೋ ಫ್ಲ್ಯಾಶಿನ ಜೂಮ್ ಆಟೋದಲ್ಲಿದ್ರೆ ಈ ಲೆಕ್ಕ ಕೆಡುತ್ತೆ, ಒಂದು ಕಡೆ ನಿಲ್ಲಿಸಿ.

ಬೆಳಕು ಇಳೀತಾ ಇದೆ, ನೋಡಿ. ಮುಖದ ಬೆಳಕು ಮುಟ್ಟಲ್ಲ, ಶಟರ್ ತೆರೆದಿರೋ ಹೊತ್ತು ಮಾತ್ರ ಬದಲಿಸ್ತೀನಿ: 1/200 ಸೆಕೆಂಡ್, ಆಮೇಲೆ 1/100, ಆಮೇಲೆ 1/50. ಹಿಂದಿನ ಆಕಾಶ, ಕಲ್ಲುಮಂಟಪ ಹಾಗೇ ಉಳೀತು. ಫ್ಲ್ಯಾಶ್ ಮಿಂಚಿ ಮುಗಿಯೋ ಹೊತ್ತು ಇದಕ್ಕಿಂತ ತೀರಾ ಚಿಕ್ಕದು, ಶಟರ್ ನಿಧಾನ ಮಾಡಿದ್ರೆ ಅದರ ಪಾಲು ಬದಲಾಗಲ್ಲ.

ಫುಲ್ ಪವರ್ ಬಿಟ್ಟು 1/8ರಿಂದ ಶುರು ಮಾಡೋದಕ್ಕೆ ಒಂದು ಕಾರಣ ಇದೆ. ಎಷ್ಟೋ ಫ್ಲ್ಯಾಶುಗಳಲ್ಲಿ ಕೆಪಾಸಿಟರ್ (ಮಿಂಚಿಗೆ ಬೇಕಾದ ಕರೆಂಟ್ ಕೂಡಿಡೋ ಭಾಗ) ಪೂರ್ತಿ ತುಂಬೋ ಮೊದಲೇ ರೆಡಿ ಲೈಟ್ ಹತ್ತುತ್ತೆ. ಆತುರಕ್ಕೆ ಕ್ಲಿಕ್ ಮಾಡಿದ್ರೆ ಎರಡನೇ ಫೋಟೋ ಮಂಕು. 1/8ರಲ್ಲಿ ಆ ಕಾಟ ಕಡಿಮೆ.

ಇನ್ನು ಛತ್ರದ ಸ್ಟೇಜ್. ಅಲ್ಲಿ ದಾರ ಎಳೆದ್ರೆ ಜನ ಎಡವುತ್ತಾರೆ, ಮೊದಲೇ ಅಳೆದು ಕಾರ್ಪೆಟ್ ಮೇಲೆ ಟೇಪ್ ಅಂಟಿಸಿ. ಎಂಟು ಜನ ಸಾಲಾಗಿ ನಿಂತಾಗ, ಹತ್ತಿರದವರು 2 ಮೀಟರಿನಲ್ಲಿ, ಕೊನೆಯವರು 4ರಲ್ಲಿ ಇದ್ರೆ ಎರಡು ಸ್ಟಾಪ್ ವ್ಯತ್ಯಾಸ. ಸ್ಟ್ಯಾಂಡ್ ಇನ್ನೂ 2 ಮೀಟರ್ ಹಿಂದಕ್ಕೆ ತಗೊಂಡು ಹೋಗಿ, ಪವರ್ ಎರಡು ಸ್ಟಾಪ್ ಏರಿಸಿ. ಈಗ 4 ಮತ್ತು 6, ವ್ಯತ್ಯಾಸ ಒಂದು ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ತುದೀಲಿ ನಿಂತಿರೋ ಅಜ್ಜಿ ಮುಖಾನೂ ಆಲ್ಬಮ್ಮಲ್ಲಿ ಕಾಣುತ್ತೆ.